ಮನೆಗೆ ಉದ್ದಗಲದ ಪತ್ರವುಂಟು, ಎತ್ತರದ ಪತ್ರವಿಲ್ಲ!

ಬಾಗೂರು: ಮನೆಯ ಉದ್ದ ಎಷ್ಟು? ಪತ್ರದಲ್ಲಿದೆ. ಅಗಲ ಎಷ್ಟು? ಅದೂ ಇದೆ. ಚಕ್ಕುಬಂದಿ? ಪೂರ್ವಕ್ಕೆ ಇಂಥವರ ಮನೆ, ಪಶ್ಚಿಮಕ್ಕೆ ಸರ್ಕಾರಿ ರಸ್ತೆ ಎಂದು ಅಚ್ಚುಕಟ್ಟಾಗಿ ಬರೆದಿದೆ. ಸರಿ, ಮನೆಯ ಹೊಸಿಲು ಎಷ್ಟು ಎತ್ತರದಲ್ಲಿದೆ?

ಅದು ಮಾತ್ರ ಯಾವ ಪತ್ರದಲ್ಲೂ ಇಲ್ಲ. ಪಂಚಾಯ್ತಿ ಕೊಡುವ ನಮೂನೆ 9ರಲ್ಲಿಲ್ಲ, ನಮೂನೆ 11ರಲ್ಲಿಲ್ಲ, ಕ್ರಯಪತ್ರದಲ್ಲೂ ಇಲ್ಲ. ಮೋಜಣಿದಾರರು ಬಂದರೆ ಹದ್ದು ಅಳೆಯುತ್ತಾರೆ, ಕಲ್ಲು ನೆಡಿಸುತ್ತಾರೆ, ಹೋಗುತ್ತಾರೆ. ಎತ್ತರ ಕೇಳಿದರೆ, "ಬಯಲುಸೀಮೇಲಿ ಅದ್ಯಾಕ್ ಸ್ವಾಮಿ? ಕುಡಿಯೋಕೇ ನೀರಿಲ್ಲ" ಎಂಬ ಉತ್ತರ ಸಿದ್ಧ.

ಆ ಉತ್ತರ ಹಳೆಯದಾಯಿತು. ಹೊಸದುರ್ಗ ತಾಲ್ಲೂಕಿನವರಿಗೆ ಎತ್ತರದ ಬೆಲೆ 2022ರಲ್ಲಿ ಗೊತ್ತಾಯಿತು.

89 ವರ್ಷದ ಮರೆವು

ಮಾರಿಕಣಿವೆಯ ವಾಣಿವಿಲಾಸ ಸಾಗರ ಮೈಸೂರು ಅರಸರ ಕಾಲದ ಕಟ್ಟೆ. ಕೆಲಸ ಮುಗಿದದ್ದು 1907ರಲ್ಲಿ. ನೀರಿನ ಮಟ್ಟ 130 ಅಡಿಗೆ ಬಂದರೆ ಕೋಡಿ. ಹಿಡಿಯುವ ನೀರು ಸುಮಾರು 30 ಟಿಎಂಸಿ. 1933ರಲ್ಲಿ ಒಮ್ಮೆ ಕೋಡಿ ಹರಿಯಿತು. ಮತ್ತೆ ಹರಿದದ್ದು 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ!

89 ವರ್ಷ ಎಂದರೆ ಮೂರು ತಲೆಮಾರು. ತುಂಬಿದ ಕೆರೆಯ ಅಂಚು ಎಲ್ಲಿತ್ತು ಎಂದು ಕಣ್ಣಾರೆ ಕಂಡವರು ಊರಲ್ಲಿ ಉಳಿದಿರಲಿಲ್ಲ. ಅಜ್ಜ ಹೇಳಿದ ಮಾತನ್ನು ಮೊಮ್ಮಗ ಕತೆ ಎಂದುಕೊಂಡ. ಅಂಚಿನಲ್ಲಿ ಉಳುಮೆ ನಡೆಯಿತು, ತೋಟ ಎದ್ದಿತು, ಮನೆ ಎದ್ದಿತು. ನೀರು ಮಾತ್ರ ತನ್ನ ಜಾಗ ಮರೆಯಲಿಲ್ಲ.

ಕೆಳಗೆ ಹಿರಿಯೂರಿನಲ್ಲಿ ಸಂಭ್ರಮ, ಮೇಲೆ ಹೊಸದುರ್ಗದ ಹಿನ್ನೀರಿನಲ್ಲಿ ಸಂಕಟ. ಕೋಡಿಯನ್ನು ತಗ್ಗಿಸಿ ಎಂದು ಈ ಕಡೆಯ ರೈತರ ಕೂಗು. ಒಂದಡಿಯೂ ತಗ್ಗಿಸಬಾರದು ಎಂದು ಆ ಕಡೆಯವರ ಕೂಗು. ಇಬ್ಬರ ಕೂಗಿಗೂ ಕಾರಣ ಒಂದೇ, ಕೆಲವೇ ಅಡಿ ಎತ್ತರ.

ಇನ್ನು 89 ವರ್ಷ ಚಿಂತೆಯಿಲ್ಲ ಎಂದವರೂ ಇದ್ದರು. 2025ರ ಜನವರಿಯಲ್ಲಿ ಮತ್ತೆ ಕೋಡಿ! ವೇದಾವತಿಗೆ ಈಗ ಮಳೆನೀರಿನ ಜತೆ ಭದ್ರಾ ಮೇಲ್ದಂಡೆ ಯೋಜನೆಯ ನೀರೂ ಸೇರುತ್ತದೆ. ಕೆರೆ ತುಂಬುವುದು ಅಜ್ಜನ ಕಾಲದಷ್ಟು ಅಪರೂಪವಾಗಿ ಉಳಿದಿಲ್ಲ.

130 ಅಡಿ ಎಂದರೆ ಎಲ್ಲಿಂದ?

ಪತ್ರಿಕೆಯಲ್ಲಿ "ಇಂದಿನ ಮಟ್ಟ 128 ಅಡಿ" ಎಂದು ಓದುತ್ತಾರೆ. ಬಸ್ಸಿನಲ್ಲಿ ಅದೇ ಮಾತು. ಆದರೆ ಈ ಅಡಿ ಎಲ್ಲಿಂದ ಶುರು? ಕಟ್ಟೆಯ ಬಳಿ ಇರುವ ಅಳತೆಯ ಸೊನ್ನೆಯಿಂದ. ಊರಿನ ನೆಲದಿಂದಲ್ಲ, ಸಮುದ್ರದಿಂದಲೂ ಅಲ್ಲ.

ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿನಲ್ಲಿ ಊರ ಹೆಸರಿನ ಕೆಳಗೆ ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ ಎಂದು ಬರೆದಿರುತ್ತದೆಯಲ್ಲ, ಅದು ಬೇರೆ ಲೆಕ್ಕ. ಕಟ್ಟೆಯದು ಒಂದು ಲೆಕ್ಕ, ಬೋರ್ಡಿನದು ಒಂದು ಲೆಕ್ಕ, ಮನೆಯ ಹೊಸಿಲಿಗೆ ಲೆಕ್ಕವೇ ಇಲ್ಲ. ಮೂರನ್ನೂ ಒಂದೇ ದಾರಕ್ಕೆ ಪೋಣಿಸಿದರೆ ಮಾತ್ರ ನೀರು ಮನೆಗೆ ಬರುತ್ತದೋ ಇಲ್ಲವೋ ಎಂದು ಹೇಳಬಹುದು. ಇದು ದೊಡ್ಡ ವಿದ್ಯೆಯೇನಲ್ಲ. ರಸ್ತೆ ಕೆಲಸದವರು ಮೂರುಕಾಲಿನ ಲೆವೆಲ್ ಯಂತ್ರ ಇಟ್ಟು, ಅಡಿ ಗುರುತಿನ ಕೋಲು ಹಿಡಿದು ಮಾಡುವ ಕೆಲಸವೇ ಇದು.

ಇನ್ನೊಂದು ಸಂಗತಿ. ಕಟ್ಟೆಯ ಬಳಿ ನೀರು 130 ಅಡಿ ಇದ್ದರೆ ಹಿನ್ನೀರಿನ ತುದಿಯಲ್ಲೂ ಅಷ್ಟೇ ಎಂದು ಅಂದುಕೊಳ್ಳುವುದು ತಪ್ಪು. ಹೊಳೆಗೆ ಮಹಾಪೂರ ಬಂದಾಗ ಮುಂದೆ ನಿಂತ ನೀರು ಹಿಂದಿನಿಂದ ಬರುವ ನೀರನ್ನು ತಡೆಯುತ್ತದೆ. ಆಗ ಹೊಳೆ ಕೆರೆಗೆ ಸೇರುವ ಜಾಗದಲ್ಲಿ ಮಟ್ಟ ಇನ್ನೂ ಮೇಲೇರುತ್ತದೆ. "ಪೇಪರ್‌ನಾಗೆ 130 ಅಂತೈತೆ, ನಮ್ಮಲ್ಲಿ ಅದಕ್ಕೂ ಮ್ಯಾಲೈತೆ" ಎಂದು ರೈತ ಹೇಳಿದರೆ ನಗುವಂತಿಲ್ಲ. ಅವನ ಮಾತಿಗೆ ಶಾಸ್ತ್ರದ ಆಧಾರವಿದೆ.

ಅಮೆರಿಕದಲ್ಲಿ ಎತ್ತರಕ್ಕೂ ಸರ್ಟಿಫಿಕೇಟು

ಅಮೆರಿಕದಲ್ಲಿ 1968ರಿಂದ ಸರ್ಕಾರವೇ ನಡೆಸುವ ನೆರೆ ವಿಮೆ ಇದೆ. ಅಲ್ಲಿ ಲೈಸೆನ್ಸ್ ಇರುವ ಸರ್ವೆಯವರು ಬಂದು ಮನೆಯ ಅತಿ ಕೆಳಗಿನ ನೆಲ ಎಷ್ಟು ಎತ್ತರ ಎಂದು ಅಳೆದು ಸರ್ಟಿಫಿಕೇಟು ಬರೆದುಕೊಡುತ್ತಾರೆ. ನೂರರಲ್ಲಿ ಒಂದು ಪಾಲು ಸಂಭವವಿರುವ ನೆರೆಯ ಮಟ್ಟದ ಜತೆ ಅದನ್ನು ತಾಳೆ ನೋಡುತ್ತಾರೆ. ನೆಲ ಮೇಲಿದ್ದರೆ ಕಂತು ಕಡಿಮೆ, ಕೆಳಗಿದ್ದರೆ ದುಬಾರಿ. 2021ರಲ್ಲಿ ದರದ ಪದ್ಧತಿ ಬದಲಾದ ಮೇಲೆ ಸರ್ಟಿಫಿಕೇಟು ಕಡ್ಡಾಯವಲ್ಲ. ಆದರೂ ತಂದುಕೊಟ್ಟು ಕಂತು ಇಳಿಸಿಕೊಳ್ಳುವವರಿದ್ದಾರೆ.

ನಮ್ಮಲ್ಲಿ ಆ ತೊಂದರೆ ಇಲ್ಲ, ಆ ಅನುಕೂಲವೂ ಇಲ್ಲ. ಮನೆ ವಿಮೆಗೆ ಯಾರೂ ಎತ್ತರದ ಪತ್ರ ಕೇಳುವುದಿಲ್ಲ. ಆದರೆ ನೀರು ನುಗ್ಗಿದ ಮರುದಿನ ಎಲ್ಲರೂ ಕೇಳುವುದು ಅದನ್ನೇ: ನೀರು ಎಷ್ಟು ಅಡಿ ನಿಂತಿತ್ತು? ಎಷ್ಟು ಹೊತ್ತು? ಗುರುತೆಲ್ಲಿ?

ವಿಮೆಯಲ್ಲಿ ಏನುಂಟು?

ಮನೆ ವಿಮೆ ಎಂದರೆ ಬೆಂಕಿ ವಿಮೆ ಎಂದೇ ಅನೇಕರ ತಿಳುವಳಿಕೆ. 2021ರ ಏಪ್ರಿಲ್ 1ರಿಂದ ವಿಮಾ ನಿಯಂತ್ರಣ ಪ್ರಾಧಿಕಾರ ಎಲ್ಲ ಸಾಮಾನ್ಯ ವಿಮೆ ಕಂಪನಿಗಳಿಗೂ ಒಂದೇ ಮಾದರಿಯ ಮನೆ ಪಾಲಿಸಿ ಗೊತ್ತುಮಾಡಿತು. ಹೆಸರು ಭಾರತ್ ಗೃಹ ರಕ್ಷಾ. ಬೆಂಕಿ, ಭೂಕಂಪ, ಬಿರುಗಾಳಿಯ ಜತೆಗೆ ನೆರೆ ಮತ್ತು ಜಲಾವೃತವೂ ಅದರೊಳಗೇ ಸೇರಿದೆ. ಕಟ್ಟಡಕ್ಕೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ. 20ರಷ್ಟು, 10 ಲಕ್ಷ ರೂ. ಮೀರದಂತೆ, ಮನೆಯೊಳಗಿನ ಸಾಮಾನಿಗೂ ರಕ್ಷಣೆ ಉಂಟು. ಪಾತ್ರೆ ಪಗಡೆಯ ಪಟ್ಟಿ ಕೊಡಬೇಕಿಲ್ಲ. ಬಾಡಿಗೆ ಮನೆಯವರು ಸಾಮಾನಿಗೆ ಮಾತ್ರವೂ ಮಾಡಿಸಬಹುದು.

ಒಂದು ಎಚ್ಚರಿಕೆ. ವಿಮೆ ಕಟ್ಟಡಕ್ಕೆ, ನಿವೇಶನದ ಬೆಲೆಗಲ್ಲ. ಮತ್ತೆ ಕಟ್ಟಲು ಎಷ್ಟು ಬೇಕು ಎಂಬುದೇ ಲೆಕ್ಕ.

ಅಂಗಡಿಯವರಿಗೆ ಬೇರೆ ಪಾಲಿಸಿ ಇದೆ. ಕಟ್ಟಡ, ಸರಕು ಎಲ್ಲ ಸೇರಿ 5 ಕೋಟಿ ರೂ.ವರೆಗಿನವರಿಗೆ ಭಾರತ್ ಸೂಕ್ಷ್ಮ ಉದ್ಯಮ ಸುರಕ್ಷಾ. ಇದರಲ್ಲೂ ನೆರೆ ಸೇರಿದೆ. ಆದರೆ ಇಲ್ಲಿ ಒಂದು ಗುಂಡಿ ಇದೆ. ಅಂಗಡಿಯಲ್ಲಿ 10 ಲಕ್ಷದ ಮಾಲಿದೆ, ಕಂತು ಉಳಿಸಲು 5 ಲಕ್ಷಕ್ಕೆ ವಿಮೆ ಮಾಡಿಸಿದ್ದಾರೆ ಎಂದಿಟ್ಟುಕೊಳ್ಳಿ. ನೀರು ನುಗ್ಗಿ 2 ಲಕ್ಷದ ಮಾಲು ಹಾಳಾಯಿತು. 5 ಲಕ್ಷದ ಪಾಲಿಸಿ ಇದೆಯಲ್ಲ, 2 ಲಕ್ಷವೂ ಬರುತ್ತದೆ ಎಂದು ಕೂತರೆ ಕೆಟ್ಟಂತೆ. ಅರ್ಧಕ್ಕೆ ವಿಮೆ ಮಾಡಿಸಿದವನಿಗೆ ಅರ್ಧ ನಷ್ಟ, ಅಂದರೆ 1 ಲಕ್ಷ. ವಿಮೆಯ ಮೊತ್ತ ಶೇ. 15ರವರೆಗೆ ಕಡಿಮೆ ಇದ್ದರೆ ಮಾತ್ರ ಈ ಕಡಿತ ಇಲ್ಲ.

"ಸರ್ಕಾರ ಕೊಡುತ್ತೆ ಬಿಡಿ" ಎಂಬ ಧೈರ್ಯವೂ ಬೇಡ. 2022ರಲ್ಲಿ ಗೊತ್ತುಮಾಡಿದ ಕೇಂದ್ರದ ವಿಕೋಪ ಪರಿಹಾರದ ದರಪಟ್ಟಿಯಲ್ಲಿ ಬಯಲು ನಾಡಿನಲ್ಲಿ ಪೂರ್ತಿ ಬಿದ್ದ ಮನೆಗೆ 1.20 ಲಕ್ಷ ರೂ., ಭಾಗಶಃ ಹಾನಿಯಾದ ಪಕ್ಕಾ ಮನೆಗೆ 6,500 ರೂ. 2019ರ ನೆರೆಯ ನಂತರ ರಾಜ್ಯ ಸರ್ಕಾರ ಕೈಯಿಂದ ಹಾಕಿ ಪೂರ್ತಿ ಬಿದ್ದ ಮನೆಗೆ 5 ಲಕ್ಷ ಕೊಟ್ಟದ್ದುಂಟು. ಆದರೆ ಕಿರಾಣಿ ಅಂಗಡಿಯ ಸಕ್ಕರೆ ಮೂಟೆ ಕರಗಿದರೆ, ಬಟ್ಟೆ ಅಂಗಡಿಯ ಥಾನು ನೆನೆದರೆ ಕೇಂದ್ರದ ಪಟ್ಟಿಯಲ್ಲಿ ಅದಕ್ಕೊಂದು ಸಾಲೂ ಇಲ್ಲ.

ಹಿನ್ನೀರು ಮುಟ್ಟದ ಬೀದಿಗೂ ಮಾತಿದು

ನಮ್ಮೂರಿಗೆ ಹಿನ್ನೀರು ಬರೋಲ್ಲ ಎನ್ನುವವರು ಅಂಗಡಿ ಮುಂದಿನ ರಸ್ತೆ ನೋಡಲಿ. ಡಾಂಬರಿನ ಮೇಲೆ ಡಾಂಬರು ಬಿದ್ದು ರಸ್ತೆ ಏರುತ್ತದೆ. ಒಂದು ಕಾಲಕ್ಕೆ ಮೂರು ಮೆಟ್ಟಿಲು ಹತ್ತಿ ಹೋಗಬೇಕಾದ ಅಂಗಡಿಗೆ ಈಗ ಇಳಿದು ಹೋಗಬೇಕು. ಚರಂಡಿ ಕಟ್ಟಿದರೆ ಒಂದೇ ಮಳೆಗೆ ನೀರು ಒಳಗೆ. ಕೆರೆ ಬೇಡ, ಕೋಡಿ ಬೇಡ, ಒಂದು ಜೋರು ಮಳೆ ಸಾಕು.

ಸದ್ಯಕ್ಕೆ ಮಾಡಬಹುದಾದ್ದು

ಎತ್ತರದ ಪತ್ರ ಕೊಡುವವರು ಇಲ್ಲದಿದ್ದರೆ ಜನ ತಾವೇ ಸಾಕ್ಷಿ ಇಟ್ಟುಕೊಳ್ಳಬಹುದು.

ಕೆರೆ ತುಂಬಿ ಗಾಳಿಯಿಲ್ಲದೆ ನಿಂತ ದಿನ ನೀರಿನ ಅಂಚೇ ಮಟ್ಟಗೋಲು. ಆ ಅಂಚಿನಲ್ಲಿ ಒಂದು ಕಲ್ಲು ನೆಟ್ಟು, ಅಂದಿನ ಜಲಾಶಯದ ಮಟ್ಟವನ್ನೂ ತಾರೀಖನ್ನೂ ಬರೆದಿಡಬೇಕು. ಅಲ್ಲಿಂದ ಮನೆಯ ಹೊಸಿಲಿಗೆ ಎಷ್ಟು ಅಡಿ ಏರು ಎಂಬುದನ್ನು ಗಾರೆ ಮೇಸ್ತ್ರಿಯೇ ಅಳೆದು ಹೇಳಬಲ್ಲ. ನೀರು ತುಂಬಿದ ಲೆವೆಲ್ ಪೈಪು ಅವನ ಚೀಲದಲ್ಲೇ ಇರುತ್ತದೆ. ಇದು ಕೋರ್ಟು ಒಪ್ಪುವ ಸರ್ಟಿಫಿಕೇಟಲ್ಲ, ಆದರೆ ಮನೆಯವರ ಕಣ್ಣು ತೆರೆಸುವ ಲೆಕ್ಕ.

ನೀರು ನುಗ್ಗಿದರೆ ಗೋಡೆಯ ಮೇಲಿನ ಕೆಸರಿನ ಗೆರೆಯನ್ನು ಒಡನೆಯೇ ತೊಳೆಯಬಾರದು. ಪಕ್ಕದಲ್ಲಿ ಟೇಪು ಹಿಡಿದು ಫೋಟೊ ತೆಗೆಸಬೇಕು. ಹಾಳಾದ ಮಾಲನ್ನು ಸರ್ವೇಯರು ನೋಡುವ ಮುನ್ನ ತಿಪ್ಪೆಗೆ ಹಾಕಬಾರದು. ಕಂಪನಿಗೆ ಅಂದೇ ತಿಳಿಸಿ ನಂಬರು ಪಡೆಯಬೇಕು. ಕಂದಾಯ ಇಲಾಖೆಯವರು ಮಹಜರು ಬರೆಯುವಾಗ ನೀರು ನಿಂತ ಎತ್ತರವನ್ನೂ ಬರೆಸಬೇಕು. ಹಿಂದೆ ನೀರು ನುಗ್ಗಿದ್ದರೆ ವಿಮೆ ಅರ್ಜಿಯಲ್ಲಿ ಮುಚ್ಚಿಡಬಾರದು, ಮುಚ್ಚಿಟ್ಟದ್ದು ಕ್ಲೇಮಿನ ದಿನ ಹೊರಗೆ ಬರುತ್ತದೆ. ಕಂಪನಿ ಅನ್ಯಾಯ ಮಾಡಿತು ಎನಿಸಿದರೆ ಮೊದಲು ಕಂಪನಿಗೇ ದೂರು, ಅಲ್ಲಿ ಬಗೆಹರಿಯದಿದ್ದರೆ ಬೆಂಗಳೂರಿನ ವಿಮಾ ಲೋಕಪಾಲರಿಗೆ ದೂರು. ಅದಕ್ಕೆ ಶುಲ್ಕವಿಲ್ಲ, ವಕೀಲರೂ ಬೇಕಿಲ್ಲ.

ಜಲಾಶಯಕ್ಕೆಂದು ವಶವಾದ ಜಮೀನಿನ ಎಲ್ಲೆ ಎಲ್ಲಿ ಎಂಬುದು ಇನ್ನೂ ಮುಖ್ಯ. ಎಲ್ಲೆಯ ಹೊರಗಿನವನು ನಷ್ಟ ಕೇಳಬಹುದು, ಒಳಗಿನವನು ಒತ್ತುವರಿದಾರ ಎನಿಸಿಕೊಳ್ಳುತ್ತಾನೆ. ನಿವೇಶನ ಕೊಳ್ಳುವ ಮುನ್ನವೇ ಇದನ್ನು ವಿಚಾರಿಸುವುದು ಜಾಣತನ. 2005ರ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂ. ಕಟ್ಟಿ ನಕ್ಷೆಯ ನಕಲು ಕೇಳಬಹುದು. 30 ದಿನದಲ್ಲಿ ಉತ್ತರ ಕೊಡಬೇಕು.

ಕಲ್ಲು ನೆಡಲು ಎಷ್ಟು ಖರ್ಚು?

ಜನರ ಕೈಯಲ್ಲಾಗುವುದು ಇಷ್ಟು. ಉಳಿದದ್ದು ಸರ್ಕಾರದ ಕೆಲಸ. ಹಿನ್ನೀರಿನ ಅಂಚಿನ ಪ್ರತಿ ಊರಿನಲ್ಲೂ ಶಾಲೆಯ ಗೋಡೆಗೋ ಪಂಚಾಯ್ತಿ ಕಟ್ಟೆಗೋ "ಕೋಡಿ ಮಟ್ಟ ಇಲ್ಲಿಂದ ಇಷ್ಟು ಅಡಿ ಕೆಳಗೆ" ಎಂದು ಒಂದು ಕಲ್ಲು ಹಾಕಿಸಿದರೆ ಸಾಕು. ಮುಂದೆ ಮನೆ ಕಟ್ಟುವವನು ಆ ಕಲ್ಲು ನೋಡಿ ಪಾಯ ಎತ್ತರಿಸುತ್ತಾನೆ. ಪಂಚಾಯ್ತಿಯ ನಮೂನೆಯಲ್ಲಿ ಎತ್ತರಕ್ಕೂ ಒಂದು ಕಾಲಂ ಬಂದರೆ ಮಹಜರಿನ ಜಗಳ ಅರ್ಧ ಕಡಿಮೆಯಾಗುತ್ತದೆ.

ಜಮೀನಿನ ಮೂಲೆಗೊಂದು ಕಲ್ಲು ನೆಡಲು ಬರುವ ಇಲಾಖೆಗೆ ನೀರಿನ ಮಟ್ಟಕ್ಕೊಂದು ಕಲ್ಲು ನೆಡುವುದು ಕಷ್ಟವೆ? ಮುಂದಿನ ಕೋಡಿ ಬೀಳುವ ಮುನ್ನ ಜಲಸಂಪನ್ಮೂಲ ಇಲಾಖೆಯವರು, ಕಂದಾಯ ಇಲಾಖೆಯವರು ಒಮ್ಮೆ ಲೆವೆಲ್ ಯಂತ್ರ ಹಿಡಿದು ಈ ಕಡೆ ಬರುವರೆ? ಅಥವಾ ಪ್ರತಿ ಬಾರಿಯಂತೆ ನೀರು ಬಂದ ಮೇಲೆ ಜೀಪಿನಲ್ಲಿ ಬರುವರೆ?