ನಂದಿಯ ಮಗ್ಗುಲಿನ ಕೆಂಪು ದ್ರಾಕ್ಷಾರಸ

ಖರಾಡಿಯಿಂದ ಮುಳಾ-ಮುಠಾ ನದಿಯ ಸೇತುವೆ ದಾಟಿದರೆ ಮಾಂಜರಿ. ಅಲ್ಲಿ ೧೯೯೭ರಲ್ಲಿ ಸ್ಥಾಪಿತವಾದ ರಾಷ್ಟ್ರೀಯ ದ್ರಾಕ್ಷಿ ಸಂಶೋಧನಾ ಕೇಂದ್ರವಿದೆ. ನಮ್ಮಲ್ಲಿ ಅನೇಕರು ಆ ಕಡೆ ಆಫೀಸಿಗೆ ಹೋಗಿಬರುವವರೇ. ಆದರೂ ದ್ರಾಕ್ಷಿಯೆಂದರೆ ನಮಗೆ ಬೇಸಗೆಯ ಹೊಸ್ತಿಲಲ್ಲಿ ಕೈಗಾಡಿಯ ಮೇಲೆ ಬರುವ ಹಣ್ಣು, ಅಷ್ಟೆ. ಅದು ಕೆಂಪು ವೈನ್ ಆಗುವ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ. ಮನೆಮಂದಿಯೆಲ್ಲ ಓದುವ ಪತ್ರಿಕೆಯಲ್ಲಿ ಮದ್ಯದ ಮಾತೇಕೆಂದು ಹಿರಿಯರು ಮುನಿಯಬಾರದು. ಕುಡಿಯಿರೆಂದು ಹೇಳುತ್ತಿಲ್ಲ, ಒಕ್ಕಲುತನದ ಸಂಗತಿಯನ್ನು ಹೇಳುತ್ತಿದ್ದೇನೆ. ನಮ್ಮ ಕಪಾಟಿನ ದ್ರಾಕ್ಷಾರಿಷ್ಟವೂ ಹುದುಗಿಸಿದ ದ್ರಾಕ್ಷಿಯೇ ಅಲ್ಲವೆ?

ಯೂರೋಪಿನ ಚಳಿಗಾಲದಲ್ಲಿ ಬಳ್ಳಿ ಎಲೆಯುದುರಿಸಿ ಮಲಗುತ್ತದೆ. ದಖ್ಖನದಲ್ಲಿ ಅಂಥ ಚಳಿಯಿಲ್ಲ. ಬಳ್ಳಿಗೆ ನಿದ್ದೆಯೂ ಇಲ್ಲ. ಚಳಿಗಾಲ ಮಾಡುವ ಕೆಲಸವನ್ನು ಇಲ್ಲಿ ರೈತನ ಕತ್ತರಿ ಮಾಡಬೇಕು, ಅದೂ ವರ್ಷಕ್ಕೆ ಎರಡು ಸಲ. ಕೊಯ್ಲಾದ ಮೇಲೆ ಏಪ್ರಿಲ್ ಹೊತ್ತಿಗೆ ಒಂದೆರಡು ಕಣ್ಣು ಉಳಿಸಿ ಕಡ್ಡಿಗಳನ್ನೆಲ್ಲ ಕತ್ತರಿಸುತ್ತಾರೆ. ಮರಾಠಿಯಲ್ಲಿ ಇದು 'ಖರಡ ಛಾಟಣಿ'. (ನಮ್ಮ ಖರಾಡಿಗೂ ಇದಕ್ಕೂ ನಂಟು ಹುಡುಕಬೇಡಿರಿ!) ವಿಜಾಪುರದ ಬೆಳೆಗಾರರೂ 'ಚಾಟ್ನಿ' ಎಂದೇ ಅನ್ನುತ್ತಾರೆ. ಹೊಸ ಕಡ್ಡಿ ಚಿಗುರಿ, ಅದರ ಕಣ್ಣುಗಳೊಳಗೆ ಮುಂದಿನ ಗೊಂಚಲು ಗುಟ್ಟಾಗಿ ರೂಪುಗೊಳ್ಳುತ್ತದೆ. ಮಳೆ ಹಿಂದೆಗೆಯುವ ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಎರಡನೆಯ ಚಾಟ್ನಿ, ಇದು ಫಲಕ್ಕಾಗಿ. ಒಣಹವೆಯಲ್ಲಿ ಹಣ್ಣಾಗಿ ಫೆಬ್ರವರಿ-ಮಾರ್ಚಿನಲ್ಲಿ ಕೊಯ್ಲು.

ಈ ಕ್ರಮದಿಂದ ಫ್ರೆಂಚ್ ಜಾತಿಯ ದ್ರಾಕ್ಷಿ ಬೆಳೆದು ವೈನ್ ಮಾಡಿದ ಮೊದಲಿಗರಲ್ಲಿ ಒಬ್ಬರ ತೋಟ ಕನ್ನಡ ನಾಡಿನಲ್ಲಿಯೇ ಇದೆ. ದೊಡ್ಡಬಳ್ಳಾಪುರದ ಬಳಿ, ನಂದಿಬೆಟ್ಟದ ಮಗ್ಗುಲಲ್ಲಿ, ಕನ್ವಲ್ ಗ್ರೋವರ್ ಅವರು ೧೯೮೮ರಲ್ಲಿ ಸಂಸ್ಥೆ ಕಟ್ಟಿದರು. ಫ್ರಾನ್ಸಿನ ಜಾರ್ಜ್ ವೆಸೆಲ್ ಸಲಹೆಗಾರರಾಗಿದ್ದರು. ಸುತ್ತಲಿನ ಹಳ್ಳಿಗಳಲ್ಲಿ ಮೊದಲೇ 'ಬೆಂಗಳೂರು ನೀಲಿ' ದ್ರಾಕ್ಷಿಯಿತ್ತು. ಅದರ ಗಾಢ ವಾಸನೆ ಸಿಹಿ ವೈನಿಗೆ ಸಾಕು, ಒಗರಿನ ಕೆಂಪು ವೈನಿಗೆ ಒಗ್ಗದು. ಅದಕ್ಕೆ ಕ್ಯಾಬರ್ನೆ ಸೊವಿನ್ಯೋನ್, ಶಿರಾಜ್ ಜಾತಿಗಳು ಬೇಕು. ಸುಮಾರು ೩೦೦೦ ಅಡಿ ಎತ್ತರದ ಆ ನೆಲದಲ್ಲಿ ರಾತ್ರಿ ತಂಪಾಗಿರುವುದರಿಂದ ಹಣ್ಣಿನ ಹುಳಿ ಉಳಿಯುತ್ತದೆ.

ಕಪ್ಪು ದ್ರಾಕ್ಷಿಯ ರಸಕ್ಕೆ ಸಾಮಾನ್ಯವಾಗಿ ಬಣ್ಣವೇ ಇಲ್ಲ; ಕೆಂಪೆಲ್ಲ ಸಿಪ್ಪೆಯಲ್ಲಿದೆ. ಹಾಗಾಗಿ ತೊಟ್ಟು ಬಿಡಿಸಿ, ಹಣ್ಣನ್ನು ಒಡೆದು, ಸಿಪ್ಪೆ-ಬೀಜಗಳ ಸಮೇತ ತೊಟ್ಟಿಗೆ ತುಂಬುತ್ತಾರೆ. ಈಸ್ಟ್ ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ಅನಿಲವನ್ನೂ ಬಿಡುತ್ತದೆ. ನೂರು ಪಾಲು ರಸದಲ್ಲಿ ೨೪ ಪಾಲು ಸಕ್ಕರೆಯಿದ್ದರೆ ಮದ್ಯಸಾರ ೧೩ರ ಆಸುಪಾಸು. ತೊಟ್ಟಿ ದೋಸೆಹಿಟ್ಟಿನಂತೆ ಉಬ್ಬುತ್ತದೆ, ಬಿಸಿಯೇರುತ್ತದೆ. ಮೇಲೆ ತೇಲುವ ಸಿಪ್ಪೆಯ ಗಟ್ಟಿ ಪದರವನ್ನು ದಿನಕ್ಕೆ ಎರಡು-ಮೂರು ಸಲ ರಸದೊಳಗೆ ಅದುಮಬೇಕು. ಬಿಟ್ಟರೆ ಬಣ್ಣ ಇಳಿಯದು, ಮೇಲ್ಪದರ ಹುಳಿತು ವಿನಿಗರ್ ಆದೀತು. ಆ ಅನಿಲ ಉಸಿರುಗಟ್ಟಿಸುವಂಥದು. ತೊಟ್ಟಿಯೊಳಗೆ ಬಗ್ಗಿ ನೋಡುವ ಚಾಪಲ್ಯ ಯಾರಿಗೂ ಬೇಡ. ವಾರ-ಹತ್ತು ದಿನದಲ್ಲಿ ಉಬ್ಬರ ಇಳಿದಾಗ ಸಿಪ್ಪೆಯನ್ನು ಹಿಂಡಿ ತೆಗೆಯುತ್ತಾರೆ. ಬಳಿಕ ಬೇರೊಂದು ಸೂಕ್ಷ್ಮಜೀವಿ ಸೇಬಿನ ಜಾತಿಯ ಚುರುಕು ಹುಳಿಯನ್ನು ಮೊಸರಿನ ಜಾತಿಯ ಮೃದು ಹುಳಿಯಾಗಿ ಮಾರ್ಪಡಿಸುತ್ತದೆ.

ಹಳತಾಗಿಸುವುದೆಂದರೆ ನಮ್ಮ ಸರ್ಕಾರಿ ಫೈಲಿನಂತೆ ಮೂಲೆಯಲ್ಲಿ ಮಲಗಿಸುವುದಲ್ಲ. ೨೨೫ ಲೀಟರು ಹಿಡಿಯುವ ಓಕ್ ಮರದ ಪೀಪಾಯಿಯಲ್ಲಿ ಒಂದು ವರ್ಷವಿಟ್ಟರೆಂದುಕೊಳ್ಳಿ. ಮರದ ಸಂದಿನಿಂದ ರಸ ಆವಿಯಾಗುತ್ತಲೇ ಇರುತ್ತದೆ. ಕಡಿಮೆಯಾದಷ್ಟನ್ನು ಮತ್ತೆ ತುಂಬಬೇಕು. ಖಾಲಿ ಬಿಟ್ಟರೆ ಗಾಳಿ ಸೇರಿ ಕೆಡುತ್ತದೆ. ಆದರೆ ಮರದ ಮೂಲಕ ನುಸುಳುವ ಅಷ್ಟಿಷ್ಟು ಗಾಳಿಯೇ ಒಗರನ್ನು ಪಳಗಿಸುವುದು. ತಳದ ಗಸಿ ಬಿಟ್ಟು ತಿಳಿಯನ್ನು ಬೇರೆ ಪೀಪಾಯಿಗೆ ಬಸಿಯಬೇಕು. ಎಲ್ಲ ವೈನಿಗೂ ಈ ಉಪಚಾರ ಸಲ್ಲದು. ಹಗುರವಾದುದನ್ನು ಬೇಗ ಮಾರುವುದೇ ಲೇಸು.

ಕಾಯುವುದು ಪೀಪಾಯಿಗೆ ಸುಲಭ, ರೈತನಿಗೆ ಕಷ್ಟ. ನೆಟ್ಟ ಬಳ್ಳಿ ನಿಜವಾದ ಫಸಲು ಕೊಡಲು ಎರಡು-ಮೂರು ವರ್ಷ ಬೇಕು. ಮೇಲಾಗಿ ತಿನ್ನುವ ದ್ರಾಕ್ಷಿ ಮಾರಾಟವಾಗದಿದ್ದರೆ ಒಣಗಿಸಿ ಇಡಬಹುದು. ವೈನ್ ದ್ರಾಕ್ಷಿಯಾದರೋ ಸಣ್ಣ ಕಾಯಿ, ದಪ್ಪ ಸಿಪ್ಪೆ, ತುಂಬ ಬೀಜ, ಸಂತೆಯಲ್ಲಿ ಕೇಳುವವರಿಲ್ಲ. ಕಾರ್ಖಾನೆಯವರು ಕೊಂಡರೆ ಉಂಟು, ಇಲ್ಲದಿದ್ದರೆ ಇಲ್ಲ. ೨೦೦೮ರ ಆರ್ಥಿಕ ಹಿನ್ನಡೆಯ ಬಳಿಕ ವೈನಿನ ಮಾರಾಟ ಕುಸಿದಾಗ ನಾಸಿಕದ ಕಡೆ ಹೀಗೆಯೇ ಆಯಿತು. ಕರಾರು ಮಾಡಿಕೊಂಡು ಬೆಳೆದ ಹಣ್ಣಿಗೆ ಕೊಳ್ಳುವವರಿಲ್ಲದೆ, ಎಷ್ಟೋ ಮಂದಿ ವೈನ್ ಬಳ್ಳಿಗಳನ್ನು ಬೇರುಸಹಿತ ಕಿತ್ತು ಅದೇ ಹೊಲದಲ್ಲಿ ತಿನ್ನುವ ದ್ರಾಕ್ಷಿಯನ್ನು ನೆಟ್ಟರು.