ಡಿಲೀಟ್ ಆದ ಉತ್ತರ ಮರಳಿ ಬರುತ್ತದೆಯೇ? ಸ್ಟ್ಯಾಕ್ ಓವರ್‌ಫ್ಲೋ ಮೇಲ್ಮನವಿ: ತಪ್ಪು ಕಲ್ಪನೆ ಮತ್ತು ಸತ್ಯ

ಸ್ಟ್ಯಾಕ್ ಓವರ್‌ಫ್ಲೋ ಎಂಬುದು ಜೆಫ್ ಅಟ್‌ವುಡ್ ಮತ್ತು ಜೋಯಲ್ ಸ್ಪೋಲ್ಸ್ಕಿ 2008ರಲ್ಲಿ ಆರಂಭಿಸಿದ, ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ. ಅಲ್ಲಿ ಸೇರಿರುವ ಪ್ರಶ್ನೆಗಳು ಎರಡು ಕೋಟಿಗೂ ಹೆಚ್ಚು. ಬೆಂಗಳೂರಿನಲ್ಲಿ ಕೋಡ್ ಬರೆದು ಬದುಕುವವರ ಪೈಕಿ ಅದನ್ನು ಒಮ್ಮೆಯೂ ತೆರೆಯದವರು ಸಿಗುವುದು ಕಷ್ಟ. ಆದರೆ ಓದುತ್ತಿದ್ದವರು ಬರೆಯಲು ಕೈಹಾಕಿದಾಗ ಪೋಸ್ಟ್ ಡಿಲೀಟ್ ಆಗುವುದೂ ಅಷ್ಟೇ ಸಾಮಾನ್ಯ. ಅದನ್ನು ಮರಳಿ ಪಡೆಯಲು ದಾರಿಯಿದೆ. ಆ ದಾರಿಯ ಬಗ್ಗೆ ಹಬ್ಬಿರುವ ತಪ್ಪು ತಿಳಿವಳಿಕೆಯಿಂದಾಗಿಯೇ ಎಷ್ಟೋ ಒಳ್ಳೆಯ ಉತ್ತರಗಳು ಕಣ್ಮರೆಯಾಗಿ ಉಳಿದುಬಿಡುತ್ತವೆ.

ಅಳಿಸಿದ್ದು ಅಳಿದೇಹೋಯಿತು ಎಂಬುದು ಎಲ್ಲಕ್ಕಿಂತ ವ್ಯಾಪಕವಾದ ನಂಬಿಕೆ. ವಾಸ್ತವವಾಗಿ ಆ ಬರಹ ಡೇಟಾಬೇಸಿನಲ್ಲಿ ಹಾಗೆಯೇ ಇರುತ್ತದೆ. ಸಾರ್ವಜನಿಕರ ಕಣ್ಣಿಗೆ ಬೀಳುವುದಿಲ್ಲ, ಅಷ್ಟೆ. ಮಾಡರೇಟರುಗಳಿಗೆ, 10,000 ರೆಪ್ಯುಟೇಶನ್ ಅಂಕ (ಇತರರ ಮತಗಳಿಂದ ಗಳಿಸುವ ಅಂಕ) ದಾಟಿದವರಿಗೆ ಮತ್ತು ಬರೆದವರಿಗೆ ಅದು ಕಾಣುತ್ತದೆ. ಬರೆದವರು ಹಳೆಯ ಲಿಂಕ್ ಹಿಡಿದು ಹೋದರೆ ತಿಳಿಗೆಂಪು ಹಿನ್ನೆಲೆಯಲ್ಲಿ ತಮ್ಮದೇ ಮಾತುಗಳನ್ನು ಓದಬಹುದು. ಅಳಿಸಿದವರ ಹೆಸರೂ ದಿನಾಂಕವೂ ಅದರ ಕೆಳಗೆ ನಮೂದಾಗಿರುತ್ತವೆ. ಲಿಂಕ್ ಕಳೆದುಕೊಂಡವರಿಗೆ, ಇತ್ತೀಚೆಗೆ ಅಳಿಸಲಾದ ಪೋಸ್ಟ್‌ಗಳ ಪಟ್ಟಿ ಪ್ರೊಫೈಲ್ ಪುಟದಲ್ಲೇ ಸಿಗುತ್ತದೆ. ಬೇರೆಲ್ಲ ಪ್ರಯತ್ನಕ್ಕೂ ಮೊದಲು ಆ ಹೆಸರಿನ ಸಾಲನ್ನು ಓದಬೇಕು, ಏಕೆಂದರೆ ಮುಂದಿನ ದಾರಿ ಅದನ್ನೇ ಅವಲಂಬಿಸಿದೆ.

ಡಿಲೀಟ್ ಆದದ್ದೆಲ್ಲ ಮಾಡರೇಟರ್ ಕೈವಾಡ ಎಂದುಕೊಳ್ಳುವುದೂ ಸರಿಯಲ್ಲ. ಅಳಿಸುವ ಕೈಗಳು ಹಲವು. ಮುಚ್ಚಲಾದ ಪ್ರಶ್ನೆಯನ್ನು ಎರಡು ದಿನಗಳ ನಂತರ ಅಳಿಸಲು 10,000 ಅಂಕ ದಾಟಿದವರು ಮತ ಹಾಕಬಹುದು. ಋಣಾತ್ಮಕ ಅಂಕ ಪಡೆದ ಉತ್ತರವನ್ನು ಅಳಿಸಲು 20,000 ದಾಟಿದವರು. ಸಾಮಾನ್ಯವಾಗಿ ಮೂರು ಮತ ಬಿದ್ದರೆ ಪೋಸ್ಟ್ ಹೋಗುತ್ತದೆ. ಮೂವತ್ತು ದಿನ ಕಳೆದರೂ ಒಂದೂ ಉತ್ತರ ಕಾಣದೆ, ಋಣಾತ್ಮಕ ಅಂಕದಲ್ಲೇ ಬಿದ್ದಿರುವ ಪ್ರಶ್ನೆಯನ್ನು ತಾಣದ ಸ್ವಯಂಚಾಲಿತ ವ್ಯವಸ್ಥೆಯೇ ಗುಡಿಸಿಹಾಕುತ್ತದೆ. ಆಗ ‘ಕಮ್ಯುನಿಟಿ’ ಎಂಬ ಹೆಸರು ಕಾಣುತ್ತದೆ, ಅದರ ಹಿಂದೆ ಯಾವ ಮನುಷ್ಯನೂ ಇರುವುದಿಲ್ಲ. ಬಳಕೆದಾರರ ಮತಗಳಿಂದ ಹೋದದ್ದನ್ನು ಬಳಕೆದಾರರ ಮತಗಳೇ ಮರಳಿಸಬಹುದು. ಮಾಡರೇಟರ್ ಅಳಿಸಿದ್ದನ್ನು ಮಾತ್ರ ಮತ್ತೊಬ್ಬ ಮಾಡರೇಟರ್ ಅಥವಾ ಅವರೇ ಮರಳಿಸಬೇಕು. ಬರೆದವರ ಅಂಕ ಎಷ್ಟೇ ಇರಲಿ, ಅಲ್ಲಿ ನಡೆಯುವುದಿಲ್ಲ.

ಈ ಮಾಡರೇಟರುಗಳು ಕಂಪನಿಯ ಸಂಬಳಗಾರರು ಎಂಬ ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಹೆಸರಿನ ಪಕ್ಕ ವಜ್ರದ ಗುರುತಿರುವ ಇವರು ಬಳಕೆದಾರರೇ ಚುನಾಯಿಸಿದ ಸ್ವಯಂಸೇವಕರು. ಸಂಬಳವಿಲ್ಲದೆ, ಬಿಡುವಿನ ವೇಳೆಯಲ್ಲಿ ಕೆಲಸ ಮಾಡುವವರು. ಕಂಪನಿಯ ಮಾತಿಗೆ ತಲೆಯಾಡಿಸುವವರೂ ಅಲ್ಲ. ಕೃತಕ ಬುದ್ಧಿಮತ್ತೆಯಿಂದ ಬರೆಸಿದಂತೆ ತೋರುವ ಪೋಸ್ಟ್‌ಗಳ ಮೇಲಿನ ಕ್ರಮಕ್ಕೆ ಕಂಪನಿ ಕಡಿವಾಣ ಹಾಕಿದಾಗ, 2023ರ ಜೂನ್ 5ರಿಂದ ಅನೇಕ ಮಾಡರೇಟರುಗಳು ಮುಷ್ಕರ ಹೂಡಿದರು. ಒಪ್ಪಂದವಾಗಿ ಅದು ಮುಗಿದದ್ದು ಆಗಸ್ಟ್‌ನಲ್ಲಿ. ಮೇಲ್ಮನವಿಯನ್ನು ಓದುವವರು ಇಂಥ ಕೆಲವೇ ಮಂದಿ, ಅವರ ಮುಂದೆ ಪರಿಶೀಲನೆಗೆ ಕಾದಿರುವ ದೂರುಗಳ ಸಾಲು ಉದ್ದವಾಗಿರುತ್ತದೆ ಎಂಬುದನ್ನು ಮನವಿ ಬರೆಯುವವರು ಮರೆಯಬಾರದು.

‘ಉತ್ತರ ಸರಿಯಾಗಿತ್ತು, ಆದರೂ ಅಳಿಸಿದರು’ ಎಂಬ ದೂರು ಪದೇ ಪದೇ ಕೇಳಿಬರುತ್ತದೆ. ಇದರ ಬೇರಿನಲ್ಲೇ ಒಂದು ತಪ್ಪು ಗ್ರಹಿಕೆಯಿದೆ. ಉತ್ತರ ತಾಂತ್ರಿಕವಾಗಿ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಮಾಡರೇಟರ್ ಕೆಲಸವೇ ಅಲ್ಲ. ತಪ್ಪು ಉತ್ತರಕ್ಕೆ ಡೌನ್‌ವೋಟ್ ಇದೆ. ‘ಈ ಉತ್ತರ ತಪ್ಪು’ ಎಂದಷ್ಟೇ ಫ್ಲ್ಯಾಗ್, ಅಂದರೆ ದೂರಿನ ಗುರುತು, ಹಾಕಿದರೆ ಅವರು ತಿರಸ್ಕರಿಸುತ್ತಾರೆ. ಅವರು ನೋಡುವುದು ಅದು ಉತ್ತರವೇ ಅಲ್ಲವೇ ಎಂಬುದನ್ನು. ‘ನನಗೂ ಇದೇ ತೊಂದರೆ’, ‘ಧನ್ಯವಾದ, ಕೆಲಸ ಮಾಡಿತು’ ಎಂಬ ಸಾಲುಗಳು ಉತ್ತರವಲ್ಲ. ಬೇರೊಂದು ಪುಟದ ಕೊಂಡಿಯನ್ನಷ್ಟೇ ಕೊಟ್ಟು ಕೈತೊಳೆದುಕೊಂಡದ್ದು ಉತ್ತರವಲ್ಲ, ಏಕೆಂದರೆ ಆ ಪುಟ ನಾಳೆ ಇಲ್ಲವಾದರೆ ಓದುಗನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಒಂದೇ ಉತ್ತರವನ್ನು ಹತ್ತು ಪ್ರಶ್ನೆಗಳ ಕೆಳಗೆ ಅಂಟಿಸಿದ್ದೂ ಹೋಗುತ್ತದೆ. ಮಾಹಿತಿ ನೂರಕ್ಕೆ ನೂರು ಸರಿಯಿದ್ದರೂ ಈ ಕಾರಣಗಳಿಗೆ ಪೋಸ್ಟ್ ಹೋಗಬಹುದು. ಆದ್ದರಿಂದ ‘ನನ್ನ ಉತ್ತರ ಸರಿ’ ಎಂಬ ವಾದ ಮಾಡರೇಟರನ್ನು ಮುಟ್ಟುವುದೇ ಇಲ್ಲ.

ಇಲ್ಲೇ ಮೇಲ್ಮನವಿಯ ತಿರುಳು ಸಿಗುತ್ತದೆ. ಮೇಲ್ಮನವಿ ಎಂದರೆ ನ್ಯಾಯಾಲಯದ ವಾದದಂತೆ ಅಳಿಸಿದವರ ತಪ್ಪನ್ನು ಸಾಬೀತು ಮಾಡುವುದು ಎಂದು ಹೆಚ್ಚಿನವರು ತಿಳಿದಿದ್ದಾರೆ. ಆದರೆ ಬರೆದವರು ತಮ್ಮ ಅಳಿಸಲಾದ ಪೋಸ್ಟನ್ನು ಎಡಿಟ್ ಮಾಡಬಹುದು, ಗೆಲ್ಲುವ ಮನವಿಗಳ ಬಲವಿರುವುದು ಅಲ್ಲೇ. ಕೊಂಡಿ ಮಾತ್ರ ಇದ್ದ ಕಡೆ ಆ ಪುಟದ ಮುಖ್ಯ ಹಂತಗಳನ್ನು ಸ್ವಂತ ಮಾತಿನಲ್ಲಿ ಬರೆದು, ಕೋಡನ್ನು ಪೋಸ್ಟಿನೊಳಗೇ ಸೇರಿಸಿ, ಕೊಂಡಿಯನ್ನು ಆಧಾರವಾಗಿ ಉಳಿಸಬೇಕು. ಆಮೇಲೆ ಅದೇ ಪೋಸ್ಟಿಗೆ ಫ್ಲ್ಯಾಗ್ ಹಾಕಿ, ಮಾಡರೇಟರ್ ಗಮನಕ್ಕೆ ಎಂಬ ಆಯ್ಕೆಯಲ್ಲಿ ಎರಡು ಸಾಲು ಬರೆದರೆ ಸಾಕು. ‘ಯಾಕೆ ಡಿಲೀಟ್ ಮಾಡಿದಿರಿ? ಇದಕ್ಕಿಂತ ಕೆಟ್ಟ ಉತ್ತರಗಳು ಇಲ್ಲೇ ಇವೆಯಲ್ಲ!’ ಎಂಬ ಒಕ್ಕಣೆಗೆ ಮಾಡರೇಟರ್ ಮಾಡುವಂಥದ್ದು ಏನೂ ಇರುವುದಿಲ್ಲ. ‘ಮೊದಲು ಲಿಂಕ್ ಮಾತ್ರ ಇತ್ತು. ಈಗ ಹಂತಗಳನ್ನೂ ಕೋಡನ್ನೂ ಉತ್ತರದಲ್ಲೇ ಸೇರಿಸಿದ್ದೇನೆ. ದಯವಿಟ್ಟು ಮರುಪರಿಶೀಲಿಸಿ’ ಎಂಬುದಕ್ಕೆ, ಎಡಿಟ್ ನೋಡಿ ಒಂದು ಗುಂಡಿ ಒತ್ತುವುದಷ್ಟೇ ಬಾಕಿ.

ಹೀಗೆ ತಿದ್ದುವ ಬದಲು ಹಳೆಯದನ್ನೇ ಹೊಸದಾಗಿ ಹಾಕಿದರೆ ಬೇಗ ಆಗುತ್ತದೆ ಎಂಬ ನಂಬಿಕೆ ಅಪಾಯಕಾರಿ. ಮತ್ತೆ ಹಾಕಿದ್ದು ಅದೇ ಕಾರಣಕ್ಕೆ ಮತ್ತೆ ಹೋಗುತ್ತದೆ. ಅದಲ್ಲದೆ, ಹೊಸ ಪ್ರಶ್ನೆ ಕೇಳದಂತೆ ಖಾತೆಗೆ ತಡೆ ಹಾಕುವ ಸ್ವಯಂಚಾಲಿತ ಲೆಕ್ಕಾಚಾರದಲ್ಲಿ ಅಳಿಸಿದ ಪ್ರಶ್ನೆಗಳೂ ಸೇರುತ್ತವೆ. ಡೌನ್‌ವೋಟ್ ಬಿದ್ದ ಪ್ರಶ್ನೆಯನ್ನು ತಾನೇ ಅಳಿಸಿಬಿಟ್ಟರೆ ದಾಖಲೆ ಶುದ್ಧವಾಗುತ್ತದೆ ಎಂದುಕೊಂಡ ಹೊಸಬರು ಹೀಗೆಯೇ ಸಿಕ್ಕಿಬೀಳುತ್ತಾರೆ. ಇದು ಬೇಸರದ ಸಂಗತಿ, ಏಕೆಂದರೆ ಅವರ ಉದ್ದೇಶ ಒಳ್ಳೆಯದೇ ಆಗಿರುತ್ತದೆ.

ಎಡಿಟ್ ಮಾಡಿದರೂ ಬದಲಾಗದ ಒಂದು ಬಗೆಯಿದೆ. ಚಾಟ್‌ಜಿಪಿಟಿ ಬಂದ ಬೆನ್ನಲ್ಲೇ, 2022ರ ಡಿಸೆಂಬರ್‌ನಲ್ಲಿ, ಸ್ಟ್ಯಾಕ್ ಓವರ್‌ಫ್ಲೋ ಅದರಿಂದ ಬರೆಸಿದ ಉತ್ತರಗಳನ್ನು ನಿಷೇಧಿಸಿತು. ಆ ಕಾರಣಕ್ಕೆ ಹೋದ ಉತ್ತರದ ಭಾಷೆಯನ್ನು ತಿದ್ದಿ ತೀಡಿದರೆ ಪ್ರಯೋಜನವಿಲ್ಲ. ತಾನೇ ಕೋಡ್ ಓಡಿಸಿ ನೋಡಿ, ತನ್ನದೇ ಉತ್ತರ ಬರೆಯಬೇಕು. ಸ್ವಂತ ಬರಹವನ್ನೇ ಯಂತ್ರದ್ದೆಂದು ಅಳಿಸಿದ್ದರೆ ಅದನ್ನು ನೇರವಾಗಿ, ಶಾಂತವಾಗಿ ಹೇಳುವ ಹಕ್ಕು ಬರೆದವರಿಗೆ ಖಂಡಿತ ಇದೆ. ಇಂಗ್ಲಿಷ್ ಮನೆಮಾತಲ್ಲದವರು ಆ ಹಕ್ಕನ್ನು ಬಳಸಲು ಹಿಂಜರಿಯಬಾರದು.

ಫ್ಲ್ಯಾಗ್ ತಿರಸ್ಕೃತವಾದರೆ ಮುಂದಿನ ಮೆಟ್ಟಿಲು ಮೆಟಾ, ಅಂದರೆ ತಾಣದ ಆಡಳಿತದ ಬಗ್ಗೆಯೇ ಚರ್ಚಿಸುವ ಜೋಡಿತಾಣ. ಅದು ಹಳಬರಿಗೆ ಮೀಸಲೆಂದು ತಿಳಿಯಲಾಗಿದೆ. ಆದರೆ ಐದು ಅಂಕವಿದ್ದರೆ ಯಾರು ಬೇಕಾದರೂ ಅಲ್ಲಿ ಕೇಳಬಹುದು. ಅಲ್ಲಿ ಡೌನ್‌ವೋಟ್ ಎಂದರೆ ಬಹುತೇಕ ‘ಒಪ್ಪುವುದಿಲ್ಲ’ ಎಂದರ್ಥ, ಅದನ್ನು ಅವಮಾನವೆಂದು ತಿಳಿಯಬೇಕಿಲ್ಲ. ಪೋಸ್ಟಿನ ಕೊಂಡಿ ಕೊಟ್ಟು, ಏನನ್ನು ತಿದ್ದಿದ್ದೇನೆ, ಇನ್ನೇನು ಕೊರತೆ ಎಂದು ಕೇಳಿದವರಿಗೆ ವಿವರವಾದ ಉತ್ತರ ಸಿಗುವುದುಂಟು.

ರೆಪ್ಯುಟೇಶನ್ ಅಂಕ ಹೋಯಿತೆಂಬ ಚಿಂತೆ ಅರ್ಧ ಮಾತ್ರ ನಿಜ. ಅಳಿಸಿದ ಪೋಸ್ಟಿನಿಂದ ಬಂದ ಅಂಕ ಹೋಗುತ್ತದೆ, ಡೌನ್‌ವೋಟಿನಿಂದ ಕಳೆದದ್ದು ಹಿಂದಿರುಗುತ್ತದೆ. ಪೋಸ್ಟ್ ನಿವ್ವಳ ಮೂರು ಅಥವಾ ಹೆಚ್ಚು ಮತ ಗಳಿಸಿ ಕನಿಷ್ಠ 60 ದಿನ ಕಾಣಿಸಿಕೊಂಡಿದ್ದರೆ ಗಳಿಕೆ ಉಳಿಯುತ್ತದೆ.

ಮಾಡರೇಟರ್ ನಡವಳಿಕೆಯ ಮೇಲೆಯೇ ದೂರಿದ್ದರೆ ಪುಟದ ಕೆಳಭಾಗದ ಸಂಪರ್ಕ ಕೊಂಡಿಯ ಮೂಲಕ ಕಂಪನಿಯ ಸಿಬ್ಬಂದಿಗೆ ಬರೆಯಬಹುದು. ಭಾರತದ ಬಳಕೆದಾರರಿಗೆ ಕಾನೂನಿನ ದಾರಿ ಇಲ್ಲವೇ ಇಲ್ಲ ಎನ್ನಲಾಗದು. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಆನ್‌ಲೈನ್ ಮಧ್ಯವರ್ತಿ ಸಂಸ್ಥೆಗಳು ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರ ತೀರ್ಮಾನ ಒಪ್ಪಿಗೆಯಾಗದಿದ್ದರೆ, 2023ರಿಂದ ಕಾರ್ಯನಿರ್ವಹಿಸುತ್ತಿರುವ ಕೇಂದ್ರ ಸರ್ಕಾರದ ಕುಂದುಕೊರತೆ ಮೇಲ್ಮನವಿ ಸಮಿತಿಗೆ 30 ದಿನಗಳೊಳಗೆ ಹೋಗಬಹುದು. ಕೊಂಡಿ ಮಾತ್ರವಿದ್ದ ಉತ್ತರಕ್ಕಾಗಿ ಅಷ್ಟು ದೂರ ಹೋಗುವ ಅಗತ್ಯ ಬೀಳದು. ಖಾತೆಯೇ ಅಮಾನತಾಗಿ, ಕಂಪನಿಯ ಉತ್ತರದಿಂದಲೂ ಸಮಾಧಾನ ಸಿಗದಂಥ ಗಂಭೀರ ಪ್ರಕರಣಗಳಲ್ಲಿ ಈ ದಾರಿಯನ್ನು ಯೋಚಿಸಬಹುದು.