ಚಂದ್ರನಿಳಿದು ಬಂದ ಕೊಠಡಿ

ತಿಂಥಣಿಯ ಮೌನೇಶ್ವರನ ಜಾತ್ರೆಯನ್ನು ಯಾರೂ ಒಂದೆಡೆ ಕುಳಿತು ನೋಡುವುದಿಲ್ಲ. ಕೃಷ್ಣೆಯ ತೀರದಲ್ಲಿ ನೆರೆದ ಜನಸಂದಣಿಯನ್ನು ಹೊಕ್ಕು, ಅತ್ತ ಇತ್ತ ತಿರುಗಿ, ಕಂಡಷ್ಟನ್ನು ಕಂಡು ಬರುವುದೇ ಜಾತ್ರೆ. ಸಿನಿಮಾ ಹಾಗಲ್ಲ. ಕತ್ತಲಲ್ಲಿ ಒಂದು ಕುರ್ಚಿ, ಎದುರಿಗೆ ಒಂದೇ ಪರದೆ. ಆ ಕುರ್ಚಿಯಿಂದ ಪ್ರೇಕ್ಷಕನನ್ನು ಎಬ್ಬಿಸಿ ಚಿತ್ರದ ನಡುವೆಯೇ ನಿಲ್ಲಿಸಿದರೆ ಹೇಗೆ? ದಕ್ಷಿಣ ಆಫ್ರಿಕದ ಜೊಹಾನ್ಸ್‌ಬರ್ಗಿನ ಕಲಾವಿದ ವಿಲಿಯಂ ಕೆಂಟ್ರಿಜ್ 2003ರಲ್ಲಿ ಮಾಡಿದ್ದು ಇದನ್ನೇ. ಒಂದು ಕೊಠಡಿ, ಅದರ ಗೋಡೆಗಳ ಮೇಲೆ ಏಕಕಾಲಕ್ಕೆ ಓಡುವ ಒಂಬತ್ತು ಚಿತ್ರಗಳು. ನೋಡಲು ಬಂದವರು ಸುತ್ತ ತಿರುಗಿಯೇ ನೋಡಬೇಕು.

ಪ್ರೇರಣೆ ದೊರೆತದ್ದು ಮೂಕಚಿತ್ರಗಳ ಕಾಲದ ಒಬ್ಬ ಮಾಂತ್ರಿಕನಿಂದ. 1902ರಲ್ಲಿ ಫ್ರಾನ್ಸಿನ ಜಾರ್ಜ್ ಮೆಲಿಯೆಸ್ ತೆಗೆದ ‘ಚಂದ್ರಲೋಕ ಯಾತ್ರೆ’ಯಲ್ಲಿ ಫಿರಂಗಿಯಿಂದ ಹಾರಿದ ಗುಂಡು ನೇರವಾಗಿ ಚಂದ್ರನ ಕಣ್ಣಿಗೇ ನಾಟಿಕೊಳ್ಳುತ್ತದೆ! ಮೆಲಿಯೆಸ್ ಮೂಲತಃ ಇಂದ್ರಜಾಲಿಗ. ಗಾಜಿನ ಸ್ಟುಡಿಯೋದೊಳಗೆ, ಬಣ್ಣ ಬಳಿದ ಪರದೆಗಳ ಮುಂದೆ, ತಾನೇ ವೇಷ ತೊಟ್ಟು 500ಕ್ಕೂ ಹೆಚ್ಚು ಚಿತ್ರಗಳನ್ನು ತೆಗೆದ. ಅಮೆರಿಕದಲ್ಲಿ ಕಳ್ಳಪ್ರತಿಗಳು ಓಡಿ ಹಣ ಪರರ ಪಾಲಾಯಿತು. ಸಾಲ ಕುತ್ತಿಗೆಗೆ ಬಂತು. ಪ್ಯಾರಿಸಿನಲ್ಲಿದ್ದ ಆತನ ನಾಟಕಶಾಲೆಯನ್ನು ಕೆಡವಿದ 1923ರಲ್ಲಿ, ತನ್ನ ಕೈಯಾರೆ ನೆಗೆಟಿವ್‌ಗಳನ್ನು ಬೆಂಕಿಗೆ ಹಾಕಿದ. ಚಂದ್ರನಿಗೆ ಗುರಿಯಿಟ್ಟವನು ಮುಂದೆ ಮೊಂಪಾರ್ನಾಸ್ ರೈಲುನಿಲ್ದಾಣದ ಅಂಗಡಿಯಲ್ಲಿ ಆಟಿಕೆ, ಮಿಠಾಯಿ ಮಾರುತ್ತ ಕುಳಿತ.

ಕೆಂಟ್ರಿಜ್ ಆ ಚಿತ್ರವನ್ನು ನಕಲು ಮಾಡಲಿಲ್ಲ. ಮಾಡಿದ್ದರೆ ಕೊಠಡಿ ಬರಿಯ ವಸ್ತುಸಂಗ್ರಹಾಲಯವಾಗುತ್ತಿತ್ತು. ಆತ ಹಿಡಿದದ್ದು ಮೆಲಿಯೆಸ್‌ನ ಕಸುಬನ್ನು. ಕೆಲಸದ ಕೋಣೆಯಲ್ಲಿದ್ದುಕೊಂಡೇ ಚಂದ್ರನನ್ನು ಮುಟ್ಟಬೇಕು! ಕಾಫಿ ಕಾಯಿಸುವ ಪಾತ್ರೆಯೇ ರಾಕೆಟ್ಟು, ಕಾಫಿಯ ಬಟ್ಟಲೇ ದುರ್ಬೀನು. ಇನ್ನು ನಕ್ಷತ್ರಗಳೆಲ್ಲಿ? ಮನೆಗೆ ಇರುವೆಗಳು ಮುತ್ತಿದ್ದವು. ಸಕ್ಕರೆ ನೀರಿನಿಂದ ಗೆರೆ ಎಳೆದೊಡನೆ ಸಾಲುಗಟ್ಟಿದವು. ಆ ದೃಶ್ಯವನ್ನು ನೆಗೆಟಿವ್ ಆಗಿ ತೋರಿಸಿದಾಗ ಬಿಳಿಯ ನೆಲ ಕಪ್ಪಾಯಿತು, ಕರಿಯ ಇರುವೆಗಳು ಬೆಳ್ಳಗೆ ಮಿನುಗಿದವು. ಗೃಹಿಣಿಯರು ಅರಿಶಿನ ಚೆಲ್ಲಿ ಓಡಿಸುವ ಇರುವೆ ಇಲ್ಲಿ ಆಕಾಶವನ್ನೇ ತುಂಬಿತು.

ಆದರೆ ಮನಸ್ಸಿಗೆ ನಾಟುವುದು ಇನ್ನೊಂದು ಗೋಡೆಯ ಚಿತ್ರ. ಕಲಾವಿದ ತನ್ನದೇ ಭಾವಚಿತ್ರವನ್ನು ಹರಿದು ಹಾಕುತ್ತಾನೆ. ಪರದೆಯ ಮೇಲೆ ಈ ದೃಶ್ಯ ಹಿಂದುಮುಂದಾಗಿ ಓಡುತ್ತದೆ. ಆಗ ಚೂರುಗಳು ಒಂದೊಂದಾಗಿ ಕೈಗೆ ಹಾರಿ ಬಂದು, ಚೂರಿಗೆ ಚೂರು ಕೂಡಿ ಆಳೆತ್ತರದ ಮನುಷ್ಯ ಎದ್ದು ನಿಲ್ಲುತ್ತಾನೆ. ಮೆಲಿಯೆಸ್‌ನ ಕತೆ ಬಲ್ಲವರಿಗೆ ಆ ಕ್ಷಣ ಬೆಂಕಿಯ ನೆನಪಾಗದೆ ಇರದು.

ಆ ಬೆಂಕಿಗೆ ಸಿಗದ ಪ್ರತಿಗಳೂ ಇದ್ದವು. ‘ಚಂದ್ರಲೋಕ ಯಾತ್ರೆ’ಯ ಕೈಯಿಂದ ಬಣ್ಣ ಹಾಕಿದ ಪ್ರತಿಯೊಂದು 1993ರಲ್ಲಿ ಸ್ಪೇನಿನ ಬಾರ್ಸಿಲೋನದಲ್ಲಿ ದೊರೆಯಿತು. ಸುರುಳಿ ಅಂಟಿಕೊಂಡು ಕಲ್ಲಿನಂತಾಗಿತ್ತು. ತಜ್ಞರು ಅದನ್ನು ತುಣುಕು ತುಣುಕಾಗಿ ಬಿಡಿಸಿ, ವರ್ಷಗಟ್ಟಲೆ ದುಡಿದು ಜೋಡಿಸಿದರು. 2011ರಲ್ಲಿ, ಮೆಲಿಯೆಸ್ ತೀರಿಕೊಂಡು 73 ವರ್ಷಗಳಾದ ಮೇಲೆ, ಕಾನ್ ಚಿತ್ರೋತ್ಸವದಲ್ಲಿ ಆತನ ಚಂದ್ರ ಮತ್ತೆ ಬಣ್ಣ ತುಂಬಿಕೊಂಡು ಮೂಡಿದ.